ಮರಳಿದ ಹೊತ್ತು

ಬಾ, ಕದ ಹಾಕಿಕೋ, ಗಾಳಿ ಒಲೆಗೇ ಕೈ ಹಾಕುತ್ತಿದೆ.
ತಾತ್ರಾ ಬೆಟ್ಟದ ಈ ಮರದ ಮನೆಯಲ್ಲಿ
ಚಹಕ್ಕೆ ದುಡ್ಡು, ಸೂಪಿಗೆ ದುಡ್ಡು,
ಮಾತು ಬಿಟ್ಟಿ.
ಮೊದಲು ಈ ಪುಸ್ತಕದಲ್ಲಿ ಬರೆ:
ಹೆಸರು, ಎಷ್ಟು ಜನ, ಯಾವ ದಾರಿ, ಹೊರಟ ಹೊತ್ತು.
ಕೊನೆಯ ಅಂಕಣ ಖಾಲಿ ಇರಲಿ.
ಅದನ್ನು ತುಂಬುವುದು ಇಳಿದು ಬಂದ ಮೇಲೆ,
ನಿನ್ನದೇ ಕೈಯಲ್ಲಿ.

ಕಿಟಕಿ ನೋಡಿ ನಗಬೇಡ. ನೀಲಿ, ಹೌದು.
ಏಳು ಗಂಟೆಯ ಆಕಾಶ ಎಲ್ಲರಿಗೂ ಒಳ್ಳೆಯದೇ.
ಹನ್ನೊಂದರ ಸುಮಾರಿಗೆ ಪಡುವಣ ಕೊರಕಲಿನ ಹಿಂದೆ
ಹೂಕೋಸಿನಂಥದೊಂದು ಮೋಡ ತಲೆ ಎತ್ತುತ್ತದೆ.
ನೀನು ಬ್ರೆಡ್ಡು ಬಿಚ್ಚಿ ಸೌತೆಕಾಯಿ ಹೆಚ್ಚುವಷ್ಟರಲ್ಲಿ
ಅದರ ಬುಡ ಸೀದಿರುತ್ತದೆ.

ಅಂಚಿನ ಮೇಲೆ ಹಿಡಿದು ಹತ್ತಲು ಸರಪಳಿ ಬಿಗಿದಿದ್ದಾರೆ.
ಅದು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತೋ,
ಕೈ ಬಿಡು. ತೋಳಿನ ರೋಮ ನೆಟ್ಟಗಾಯಿತೋ,
ಅದು ಭಕ್ತಿಯಲ್ಲ, ಮಾರಾಯ, ಸಿಡಿಲು
ನಿನ್ನ ಅಳತೆ ತೆಗೆದುಕೊಳ್ಳುತ್ತಿದೆ.
ಆದಷ್ಟು ಕೆಳಗಿಳಿ. ಆಗದಿದ್ದರೆ ಚೀಲದ ಮೇಲೆ
ಕುಕ್ಕರಗಾಲಲ್ಲಿ ಕೂರು, ಪಾದ ಜೋಡಿಸಿ.
ಒಬ್ಬರಿಗೊಬ್ಬರು ದೂರ ದೂರ,
ಮದುವೆ ನಿಶ್ಚಯವಾದವರಾದರೂ ಸರಿ.

ಈ ಹತ್ತಿ ಅಂಗಿ ಇಲ್ಲೇ ಬಿಚ್ಚಿಡು.
ಒದ್ದೆಯಾದ ಗಳಿಗೆಗೆ ಅದು ಪಕ್ಷ ಬದಲಿಸಿ
ಬೆಟ್ಟದ ಕಡೆ ಸೇರುತ್ತದೆ.
ನನ್ನ ಉಣ್ಣೆಯದು ಕೊಡುತ್ತೇನೆ, ಕುರಿ ವಾಸನೆ, ಸಹಿಸಿಕೋ.
ಮತ್ತೊಂದು ಮಾತು: ಗಡಿಯಾರ ಒಂದು ಹೊಡೆದಾಗ
ನೀನು ಎಲ್ಲಿ ನಿಂತಿದ್ದೀಯೋ
ಅದೇ ನಿನ್ನ ಶಿಖರ.

ಅಗೋ, ವೆಂಡೆಲೀನ್ ಬಂದ. ಬೆನ್ನ ಮೇಲೆ ಮರದ ಚೌಕಟ್ಟು,
ಅದರಲ್ಲಿ ಅರವತ್ತು ಕಿಲೋ: ಆಲೂಗಡ್ಡೆ, ಗ್ಯಾಸು, ಬಿಯರು,
ಯಾರೋ ಮರೆತುಹೋದ ಗೊಂಬೆ.
ಅವನ ಎಡಗಾಲು ನೋಡು, ನಡೆಯುವಾಗ
ಒಂದು ಅಕ್ಷರ ನುಂಗಿ ಮಾತಾಡಿದ ಹಾಗೆ.
ಕೇಳಬೇಡ, ಅವನು ಹೇಳುವುದಿಲ್ಲ. ನಾನು ಹೇಳುತ್ತೇನೆ.

ಇದೇ ಪುಸ್ತಕ, ಈ ಪುಟ. ಓದು:
ಡಾಲಿಬೋರ್, ಇಬ್ಬರು, ಉತ್ತರದ ಅಂಚು, ಎಂಟೂ ಹತ್ತು.
ಸೆಪ್ಟೆಂಬರ್. ಮೂರಕ್ಕೆ ಹಿಮ ಅಡ್ಡಡ್ಡ ಬಿತ್ತು.
ಆರಾಯಿತು, ಎಂಟಾಯಿತು, ಕೊನೆಯ ಅಂಕಣ ಬೆಳ್ಳಗೆ.
ಹನ್ನೊಂದು ಮಂದಿ ಹೊರಟೆವು.
ವೆಂಡೆಲೀನ್ ಇಡೀ ರಾತ್ರಿ ಆ ಕೊರಕಲಿನಲ್ಲಿ ನಿಂತು
ಕಿವಿಯಾಗಿಬಿಟ್ಟ. ಆಪತ್ತಿನಲ್ಲಿದ್ದವರು
ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು, ಗೊತ್ತಲ್ಲ,
ಕೇಳಿದವರು ಮೂರು ಸಲ ಉತ್ತರ ಕೊಡಬೇಕು.
ಕೊಡಲು ಉತ್ತರವಿತ್ತು ಅವನ ಹತ್ತಿರ.
ಪ್ರಶ್ನೆ ಬರಲಿಲ್ಲ.

ಬೆಳಿಗ್ಗೆ ಫೋನು. ಬದುಕಿದ್ದಾರೆ!
ಗಾಳಿ ಹೆಚ್ಚಾದಾಗ ಬುದ್ಧಿವಂತರಂತೆ
ಆಚೆ ಬದಿಗೆ ಇಳಿದರಂತೆ, ಪೋಲೆಂಡಿನ ಊರಿಗೆ,
ಹುರಿದ ಮೀನು ತಿಂದು ಮಲಗಿದರಂತೆ.
ಹೇಳಲು ಮರೆತರಂತೆ.
"ನಮ್ಮನ್ನು ಹುಡುಕುತ್ತಿದ್ದಿರಾ? ಯಾಕೆ?"

ವೆಂಡೆಲೀನ್ ನಕ್ಕ, ನಿಜವಾಗಿ ನಕ್ಕ,
ಆಮೇಲೆ ಬೂಟು ಬಿಚ್ಚಲು ಬಗ್ಗಿದ.
ಬೂಟು ಬರಲಿಲ್ಲ.
ಆ ಅಂಕಣ ನಾನೇ ತುಂಬಿದೆ. ನೋಡು ನನ್ನ ಅಕ್ಷರ.
ಮರಳಿದ ಹೊತ್ತು: ಎರಡು ಬೆರಳು.

ಸೂಪು ಆರುತ್ತಿದೆ, ಕುಡಿ.
ನಿನ್ನೆ ಇಬ್ಬರು ಹುಡುಗಿಯರು
ತುದಿ ಇನ್ನು ಕೂಗಳತೆಯಲ್ಲಿರುವಾಗ
ಮೋಡದ ಬುಡ ನೋಡಿ ಹಿಂದಿರುಗಿದರು.
ಈ ಬೆಂಚಿನ ಮೇಲೆ ಕೂತು ಒಬ್ಬಳು ಅತ್ತಳು.
ಜೊತೆಯವರು ಛೇಡಿಸಿದರು:
ಹೋದ ಪುಟ್ಟ, ಬಂದ ಪುಟ್ಟ.

ಅನ್ನಲಿ.
ಆ ಮಾತಿನ ಎರಡನೆಯ ಅರ್ಧಕ್ಕಾಗಿಯೇ
ಇಪ್ಪತ್ತಾರು ವರ್ಷದಿಂದ
ನಾನು ಈ ಕಿಟಕಿಯಲ್ಲಿ ದೀಪ ಇಡುತ್ತಿರುವುದು.

ಆಚೆ ಬದಿಗೆ ಇಳಿದರೆ ಫೋನು ಮಾಡು.
ಪೆನ್ಸಿಲು ದಾರಕ್ಕೆ ಕಟ್ಟಿದೆ,
ಬರೆದು ಅಲ್ಲೇ ಬಿಡು.